48 ಕೆಬಿಯೊಳಗೆ ಕನ್ನಡ
ಹಳೆಯ ಕಂಪ್ಯೂಟರಿಗೆ ಹೊಸ ತಂತ್ರಾಂಶ ಬರೆಯುವ ಹವ್ಯಾಸ ಗಡಿನಾಡಿಗೂ ಬರಲಿ

ಬ್ರಿಟನ್ನಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರ ದೊಡ್ಡ ಮಾದರಿಯ ಮೆಮೊರಿಯೇ 48 ಕೆಬಿ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಯದು. ಅದನ್ನು ನಡೆಸುತ್ತಿದ್ದ ಝಡ್80 ಚಿಪ್ಪಿನ ಮೂಲ ರೂಪದ ತಯಾರಿಕೆಯನ್ನು ನಿಲ್ಲಿಸುವುದಾಗಿ ಝೈಲಾಗ್ ಕಂಪನಿ 2024ರಲ್ಲಿ ಹೇಳಿತು. ಆದರೂ ಈ ಯಂತ್ರಕ್ಕೆ ಹೊಸ ಆಟಗಳನ್ನು, ಹೊಸ ತಂತ್ರಾಂಶಗಳನ್ನು ಬರೆಯುವವರು ಇಂದಿಗೂ ಇದ್ದಾರೆ. ಹೆಚ್ಚಿನವರು ಬರೆಯುವುದು ಖುಷಿಗೆ.

ಈ ಹವ್ಯಾಸಕ್ಕೆ ಹಳೆಯ ಯಂತ್ರವೇ ಬೇಕೆಂದಿಲ್ಲ. ಅದರಂತೆಯೇ ನಡೆಯುವ ‘ಫ್ಯೂಸ್’ ಎಂಬ ಎಮ್ಯುಲೇಟರ್ ಉಚಿತವಾಗಿ ಸಿಗುತ್ತದೆ. ಸಿ ಭಾಷೆಯಲ್ಲಿ ಬರೆದದ್ದನ್ನು ಝಡ್80ಗೆ ಅರ್ಥವಾಗುವಂತೆ ಮಾಡಿಕೊಡುವ ‘ಝಡ್88ಡಿಕೆ’ಯೂ ಉಚಿತ. ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಆಂಧ್ರದ ಗಡಿಯೂರು ಹೊಳಗುಂದದಲ್ಲೂ ಈ ಕೆಲಸ ಶುರುಮಾಡಬಹುದು.

ಹಾಗಾದರೆ ಏನನ್ನು ಬರೆಯಬೇಕು? ನಮ್ಮ ಲಿಪಿಯನ್ನೇ.

ಭಾರತದಲ್ಲಿ 1984ರಲ್ಲಿ ‘ಕ್ಲಾಸ್’ ಯೋಜನೆ ಶುರುವಾಗಿ, ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದವು. ಕೀಲಿ ಒತ್ತಿದರೆ ಪರದೆಯ ಮೇಲೆ ಮೂಡುತ್ತಿದ್ದುದು ಇಂಗ್ಲಿಷ್ ಅಕ್ಷರ. ಸ್ಪೆಕ್ಟ್ರಮ್ ಕೂಡ ಹಾಗೆಯೇ. ಬಳಸುವವರು ತಾವೇ ರೂಪಿಸಿಕೊಳ್ಳಲು ಅದು ಕೊಡುವುದು 21 ಅಕ್ಷರಗಳ ಜಾಗವನ್ನು. ಒಂದೊಂದೂ 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರ. ನಮ್ಮ ವರ್ಣಮಾಲೆಯಲ್ಲಿ ಇರುವುದೇ 49 ಅಕ್ಷರ. ಕಾಗುಣಿತ, ಒತ್ತಕ್ಷರ ಸೇರಿದರೆ ಲೆಕ್ಕ ಸಾವಿರ ದಾಟುತ್ತದೆ.

ಸವಾಲು ಇರುವುದು ಇಲ್ಲಿ, ಸೊಗಸೂ ಇಲ್ಲೇ. ಇಡೀ ಅಕ್ಷರಗಳ ಬದಲು ಅವುಗಳ ತುಂಡುಗಳನ್ನು ಕೂಡಿಟ್ಟುಕೊಂಡರೆ ಸಾಕು. 34 ವ್ಯಂಜನಗಳಿಗೆ ತಲಕಟ್ಟಿನ ರೂಪ, ಗುಡಿಸಿನ ರೂಪ, ಬರಿಯ ರೂಪ. ಜೊತೆಗೆ 13 ಸ್ವರಗಳು. 16×16 ಚುಕ್ಕಿಯ ಒಂದು ಆಕಾರಕ್ಕೆ 32 ಬೈಟ್. ಒತ್ತಕ್ಷರಗಳು, ಕೊಂಬು, ದೀರ್ಘ ಎಲ್ಲವೂ ಸೇರಿ ಸುಮಾರು 5,000 ಬೈಟಿನಲ್ಲಿ ಮುಗಿಯುತ್ತವೆ. ಪರದೆಯ ಚಿತ್ರಕ್ಕೆ 6,912 ಬೈಟ್ ಬಿಟ್ಟರೂ ಜಾಗ ಧಾರಾಳ. ಒತ್ತಿಗೆ ಕೆಳಗೆ 8 ಚುಕ್ಕಿ ಬಿಟ್ಟರೆ ಒಂದು ಸಾಲಿನ ಎತ್ತರ 24 ಚುಕ್ಕಿ. 192 ಚುಕ್ಕಿ ಎತ್ತರದ ಪರದೆಯಲ್ಲಿ ಸರಿಯಾಗಿ 8 ಸಾಲು ಕನ್ನಡ.

ಬೆರಳಚ್ಚಿನ ದಾರಿಯನ್ನು ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಆಗಲೇ ಹಾಕಿಕೊಟ್ಟಿದ್ದಾರೆ. ಅದೇ ಕ್ರಮದ ‘ನುಡಿ’ ತಂತ್ರಾಂಶ ಬಳಸಿದವರಿಗೆ ಗೊತ್ತು: ‘ನ’ ಒತ್ತಿ, ‘ಎಫ್’ ಒತ್ತಿ, ಮತ್ತೆ ‘ನ’ ಒತ್ತಿದರೆ ‘ನ್ನ’. ಹಳೆಯ ಯಂತ್ರಕ್ಕೂ ಇಷ್ಟನ್ನು ಕಲಿಸಿದರೆ ಸಾಕು: ‘ಎಫ್’ ಬಂದರೆ ಮುಂದಿನ ವ್ಯಂಜನವನ್ನು ಕೆಳಗೆ ಬರೆ.

ಗಡಿಯ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. ಆದೋನಿ, ಹೊಳಗುಂದ ಕಡೆ ಮನೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ತೆಲುಗು. ಎರಡನ್ನೂ ಓದಿಕೊಂಡೇ ಅವರು ಬೆಳೆಯುತ್ತಾರೆ. ಎರಡು ಲಿಪಿಗಳ ಕಟ್ಟಡ ಬಹುಪಾಲು ಒಂದೇ. ಆಕಾರಗಳ ಪಟ್ಟಿ ಬದಲಿಸಿದರೆ ಅದೇ ತಂತ್ರಾಂಶ ತೆಲುಗಿಗೂ ಹತ್ತಿರವಾಗುತ್ತದೆ. ಬೇರೆಯಾಗುವುದು ‘ಅರ್ಕ’ದಂಥ ಪದ ಬಂದಾಗ. ಕನ್ನಡದಲ್ಲಿ ಅರ್ಕಾವೊತ್ತು ‘ಕ’ದ ಮುಂದೆ ಬಂದು ನಿಲ್ಲುತ್ತದೆ. ಇಂದಿನ ತೆಲುಗು ಬರವಣಿಗೆಯಲ್ಲಿ ‘ರ’ ತನ್ನ ಜಾಗದಲ್ಲೇ ಇದ್ದು, ‘ಕ’ ಅದರ ಒತ್ತಾಗುತ್ತದೆ. ಎರಡೂ ಲಿಪಿ ಬಲ್ಲ ಮಗುವಿಗೆ ಈ ವ್ಯತ್ಯಾಸ ಕೂಡಲೇ ಕಣ್ಣಿಗೆ ಬೀಳುತ್ತದೆ. ಒಂದೇ ಲಿಪಿ ಬಲ್ಲ ಎಂಜಿನಿಯರ್ ಅದನ್ನು ಹುಡುಕಿ ಕಲಿಯಬೇಕು.

ಇಂದಿನ ಕಂಪ್ಯೂಟರಿನಲ್ಲಿ ಅಕ್ಷರ ಹೇಗೆ ಮೂಡುತ್ತದೆ ಎಂಬುದು ಪದರ ಪದರ ತಂತ್ರಾಂಶದ ಹಿಂದೆ ಅಡಗಿರುತ್ತದೆ. 48 ಕೆಬಿ ಯಂತ್ರದಲ್ಲಿ ಅಡಗಲು ಜಾಗವಿಲ್ಲ. ಪ್ರತಿ ಚುಕ್ಕಿಗೂ ಬರೆದವರೇ ಹೊಣೆ. ಹೈಸ್ಕೂಲಿನ ಹುಡುಗಿಯೊಬ್ಬಳು ಅದನ್ನು ಮೊದಲಿನಿಂದ ಕೊನೆಯವರೆಗೆ ಅರ್ಥ ಮಾಡಿಕೊಳ್ಳಬಲ್ಲಳು. ಗಡಿನಾಡಿನ ಕನ್ನಡ ಶಾಲೆಗಳ ಗಣಿತ ಮೇಷ್ಟ್ರು, ಕನ್ನಡ ಮೇಷ್ಟ್ರು ಜೊತೆಗೆ ಕೂತು ಶನಿವಾರದ ಒಂದು ಪಿರಿಯಡ್ ಇದಕ್ಕೆ ಕೊಡಲಿ. ಚೌಕಳಿ ಹಾಳೆಯ ಮೇಲೆ 16 ಮನೆ ಅಗಲ, 16 ಮನೆ ಎತ್ತರದಲ್ಲಿ ‘ಅ’ ಬರೆಯುವುದರಿಂದ ಪಾಠ ಶುರುಮಾಡಬಹುದು. ಅದಕ್ಕೆ ಕಂಪ್ಯೂಟರ್ ಕೂಡ ಬೇಕಿಲ್ಲ.