ಚಾವಡಿಯಲ್ಲಿಯೂ ಪಡಸಾಲೆಯಲ್ಲಿಯೂ ನೀರು, ವಿದ್ಯುತ್ತು, ಕಾಗದಗಳ ಮಿತವ್ಯಯ

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಗ್ರಾಮಮುಖ್ಯರಿಗೂ ಭೂಮಾಲಿಕರಿಗೂ)

ಲೇಖಕರು: ವ್ಯವಸಾಯ ಇನ್‌ಸ್ಪೆಕ್ಟರು, ಎಲ್. ಎಜಿ.

ಗಿಡಮರಗಳನ್ನು ಬೆಳೆಸಬೇಕು, ನೀರನ್ನು ಕಾಯಬೇಕು, ಇಂಧನವನ್ನು ಮಿತವಾಗಿ ಬಳಸಬೇಕು ಎಂಬ ಉಪದೇಶವು ಈಗ ಎಲ್ಲೆಡೆಯೂ ಕೇಳಿಬರುತ್ತಿರುವುದು. ಆದರೆ ಅದು ಸಾಮಾನ್ಯವಾಗಿ ಹೊಲದಲ್ಲಿ ದುಡಿಯುವ ರೈತನನ್ನು ಕುರಿತದ್ದೇ ಹೊರತು, ಉಪದೇಶವು ಹೊರಡುವ ಕಚೇರಿಯನ್ನಾಗಲಿ, ಊರ ಹಿರಿಯರು ಕುಳಿತು ಲೆಕ್ಕಪತ್ರಗಳನ್ನು ನೋಡುವ ಪಡಸಾಲೆಯನ್ನಾಗಲಿ ಕುರಿತದ್ದಲ್ಲ. ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬ ಗಾದೆಯು ಇಲ್ಲಿಯೂ ಸಲ್ಲುವುದು. ಗ್ರಾಮ ಪಂಚಾಯತಿಯ ಕಚೇರಿಯಲ್ಲಿಯೂ ಊರ ದೊಡ್ಡ ಮನೆಗಳಲ್ಲಿಯೂ ಕಣ್ಣಿಗೆ ಕಾಣುವಂತೆ ನಡೆಯುವ ಕೆಲಸವನ್ನು ಊರವರು ಹೇಳಿಸಿಕೊಳ್ಳದೆಯೇ ಅನುಸರಿಸುವರು. ಆದುದರಿಂದ ಮೊದಲು ಅಲ್ಲಿ ಏನು ಮಾಡಬಹುದೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮ ಮೂರು ತಾಲೂಕುಗಳ ಸ್ಥಿತಿಯು ವಾಚಕರಿಗೆ ತಿಳಿದದ್ದೇ ಆಗಿದೆ. 2020ರ ಅಕ್ಟೋಬರಿನಲ್ಲಿ ಭೀಮೆಯು ತುಂಬಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನುಗ್ಗಿತು. ಮೂರೇ ವರ್ಷಗಳ ತರುವಾಯ, 2023ರಲ್ಲಿ, ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರವು ಘೋಷಿಸಬೇಕಾಯಿತು. ಇಂತಹ ಪ್ರದೇಶದಲ್ಲಿ ಏಪ್ರಿಲ್ ತಿಂಗಳಲ್ಲಿ ಟ್ಯಾಂಕರಿನ ದಾರಿಯನ್ನು ನೋಡುವ ಊರೇ ಜೂನ್ ತಿಂಗಳಲ್ಲಿ ಪಂಚಾಯತಿಯ ಮಾಳಿಗೆಯ ನೀರನ್ನು ಬೀದಿಯ ಕೆಸರಿಗೆ ಹರಿಯಬಿಡುವುದು ವಿಚಾರಮಾಡತಕ್ಕ ಸಂಗತಿಯಾಗಿದೆ.

1. ಮಾಳಿಗೆಯ ನೀರು

ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ದೊರೆಯುವುದು. 12 ಮೀಟರ್ ಉದ್ದ, 10 ಮೀಟರ್ ಅಗಲದ ಮಾಳಿಗೆಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದಿತೆಂದು ಹಿಡಿದರೆ 84,000 ಲೀಟರ್ ಆಗುವುದು. ಐದನೆಯ ಒಂದು ಪಾಲು ನಷ್ಟವಾದರೂ 67,200 ಲೀಟರ್ ಉಳಿಯುವುದು. 4 ಮೀಟರ್ ಉದ್ದ, 2.5 ಮೀಟರ್ ಅಗಲ, 2 ಮೀಟರ್ ಆಳದ ತೊಟ್ಟಿಯೊಂದರಲ್ಲಿ 20,000 ಲೀಟರ್ ಹಿಡಿಯುವುದು. ಹತ್ತು ಜನರ ಮನೆಯಲ್ಲಿ ಕುಡಿಯಲೂ ಅಡಿಗೆಗೂ ಆಳಿಗೆ ದಿನಕ್ಕೆ 5 ಲೀಟರ್‌ನಂತೆ ಬಳಸಿದರೆ ಇಷ್ಟು ನೀರು 400 ದಿನಗಳಿಗೆ ಸಾಲುವುದು. ಕೊಳವೆಬಾವಿಯ ನೀರು ಸವಳಾಗಿರುವ ಊರುಗಳಲ್ಲಿ ಇದರ ಬೆಲೆಯನ್ನು ಹೇಳಬೇಕಾಗಿಲ್ಲ.

ಆದರೆ ನಮ್ಮ ಎರೆಭೂಮಿಯಲ್ಲಿ ಒಂದು ಎಚ್ಚರಿಕೆ ಅವಶ್ಯವಾಗಿದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಿರುಕುಬಿಡುವುದರಿಂದ, ಅದರ ಮೇಲೆ ನೇರವಾಗಿ ಕಟ್ಟಿದ ತೊಟ್ಟಿಯು ಒಂದೆರಡು ವರ್ಷಗಳಲ್ಲಿ ಸೀಳುವ ಸಂಭವ ಹೆಚ್ಚು. ಆದುದರಿಂದ ತಳಪಾಯವನ್ನು ಗರಸು ದೊರೆಯುವವರೆಗೆ ಅಗೆದು, ಸುತ್ತಲೂ ಗರಸನ್ನೇ ತುಂಬತಕ್ಕದ್ದು. ಗರಸು ಬಹಳ ಆಳದಲ್ಲಿದ್ದರೆ ನೆಲದ ಮೇಲೆಯೇ ತೊಟ್ಟಿಯನ್ನು ನಿಲ್ಲಿಸುವುದು ಲೇಸು. ಇಂಗುಗುಂಡಿಯ ವಿಷಯವೂ ಹೀಗೆಯೇ. ಒದ್ದೆಯಾಗಿ ಉಬ್ಬಿದ ಎರೆಯಲ್ಲಿ ನೀರು ಬಹಳ ಮೆಲ್ಲಗೆ ಇಳಿಯುವುದರಿಂದ, ಗುಂಡಿಯು ಗರಸಿನ ಪದರವನ್ನು ಮುಟ್ಟದಿದ್ದರೆ ಪ್ರಯೋಜನವಿಲ್ಲ.

ಮೊದಲ ಒಂದೆರಡು ಮಳೆಗಳ ನೀರನ್ನು ಹೊರಗೆ ಬಿಡತಕ್ಕದ್ದು. ಅನಂತರದ ನೀರನ್ನು ಜಲ್ಲಿ, ಮರಳು, ಇದ್ದಿಲುಗಳ ಮೂಲಕ ಸೋಸಿ, ಬೆಳಕೂ ಸೊಳ್ಳೆಯೂ ಹೋಗದಂತೆ ಮುಚ್ಚಿಡತಕ್ಕದ್ದು. ಕುಡಿಯುವ ಮುನ್ನ ಕಾಯಿಸತಕ್ಕದ್ದು. ಮಣ್ಣಿನ ಮಾಳಿಗೆಯ ನೀರು ಕದಡಿರುವುದರಿಂದ ಅದನ್ನು ಇಂಗುಗುಂಡಿಗೆ ಮಾತ್ರ ಬಿಡುವುದು ಯುಕ್ತ.

2. ದೀಪ ಮತ್ತು ಪಂಖ

ಒಂದು ಯೂನಿಟ್ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಉತ್ಪಾದಿಸಲು ಸುಮಾರು 600ರಿಂದ 700 ಗ್ರಾಂ ಕಲ್ಲಿದ್ದಲನ್ನು ಸುಡಬೇಕಾಗುವುದು. ನಮಗೆ ಸಮೀಪವಾದ ರಾಯಚೂರಿನ ಶಕ್ತಿನಗರದ ಸ್ಥಾವರದಲ್ಲಿ ಈ ಕೆಲಸವೇ ನಡೆಯುತ್ತಿರುವುದು. ಆದಕಾರಣ ಇಲ್ಲಿ ಉಳಿದ ಯೂನಿಟ್ ಅಲ್ಲಿ ಉಳಿದ ಕಲ್ಲಿದ್ದಲೆಂದು ಭಾವಿಸಬಹುದು.

ಹಳೆಯ ಮಾದರಿಯ ಪಂಖವು ಸುಮಾರು 75 ವ್ಯಾಟ್ ಬಳಸುವುದು, ಬಿ.ಎಲ್.ಡಿ.ಸಿ. ಎಂಬ ಹೊಸ ಮಾದರಿಯದು ಅಷ್ಟೇ ಗಾಳಿಗೆ ಸುಮಾರು 30 ವ್ಯಾಟ್ ಮಾತ್ರ. ನಾಲ್ಕು ಪಂಖಗಳು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ ಸುಮಾರು 65 ಯೂನಿಟ್ಟುಗಳ ಉಳಿತಾಯವಾಗುವುದು. 60 ವ್ಯಾಟಿನ ಹಳೆಯ ಬಲ್ಬು ಕೊಡುವಷ್ಟು ಬೆಳಕನ್ನು 9 ವ್ಯಾಟಿನ ಎಲ್.ಇ.ಡಿ. ದೀಪವು ಕೊಡುವುದು.

ಮನೆಯ ವಿದ್ಯುತ್ತು 2023ರಿಂದ ಗೃಹಜ್ಯೋತಿಯಲ್ಲಿ ಉಚಿತವಾಗಿದೆಯಲ್ಲ ಎಂದು ಕೆಲವರು ಕೇಳಬಹುದು. 200 ಯೂನಿಟ್ಟುಗಳನ್ನು ದಾಟಿದ ತಿಂಗಳಲ್ಲಿ ಪೂರ್ಣ ಬಿಲ್ಲನ್ನು ತೆರಬೇಕಾಗುವುದೆಂಬುದನ್ನು ಅಂತಹವರು ಮರೆಯಬಾರದು. 2020ರಿಂದೀಚೆಗೆ ಬೆಂಗಳೂರು, ಹೈದರಾಬಾದುಗಳ ಕಂಪೆನಿಗಳ ಕೆಲಸವನ್ನು ಊರಿನ ಮನೆಯಲ್ಲಿ ಕುಳಿತೇ ಮಾಡುವ ಮಕ್ಕಳಿರುವ ಮನೆಗಳಲ್ಲಿ ಈ ಗಡಿಯು ಬೇಗ ಸಮೀಪಿಸುವುದು. ಅವರಿಗೆ ಮೇಜಿನ ದೊಡ್ಡ ಗಣಕಯಂತ್ರಕ್ಕಿಂತ ಲ್ಯಾಪ್‌ಟಾಪು ಮೇಲು; ಗಾಳಿಬೆಳಕುಗಳುಳ್ಳ ಉತ್ತರದ ಕೋಣೆಯು ಹವಾನಿಯಂತ್ರಕ್ಕಿಂತ ಮೇಲು. ಪಂಚಾಯತಿ ಕಚೇರಿಗಾದರೋ ಈ ಉಚಿತ ಸೌಲಭ್ಯವಿಲ್ಲ. ಅದು ಜೆಸ್ಕಾಂಗೆ ತೆರುವ ಪ್ರತಿ ರೂಪಾಯಿಯೂ ನಲ್ಲಿಯ ದುರಸ್ತಿಗೆ ಒದಗಬಹುದಾಗಿದ್ದ ರೂಪಾಯಿಯೇ.

ಇಲ್ಲಿ ಮುಖ್ಯವಾದುದು ಖರೀದಿಯ ಪದ್ಧತಿ. ಕೇವಲ ಕನಿಷ್ಠ ಬೆಲೆಯನ್ನು ನೋಡಿ ಕೊಂಡರೆ ಕಚೇರಿಗೆ ಬರುವುದು ಹೆಚ್ಚು ವಿದ್ಯುತ್ತನ್ನು ನುಂಗುವ ಪಂಖವೇ. ದರಗಳನ್ನು ಕರೆಯುವಾಗಲೇ ವ್ಯಾಟಿನ ಮಿತಿಯನ್ನೂ, 2006ರಿಂದ ನಡೆದುಬಂದಿರುವ ನಕ್ಷತ್ರ ಗುರುತಿನ ದರ್ಜೆಯನ್ನೂ ನಮೂದಿಸಿದಲ್ಲಿ, ನಿಯಮವನ್ನು ಮೀರದೆಯೇ ಒಳ್ಳೆಯ ಸಾಮಾನು ದೊರೆಯುವುದು.

3. ಬಿಸಿಲಿನ ವಿದ್ಯುತ್ತು

ಒಂದು ಕಿಲೋವ್ಯಾಟಿನ ಸೌರಫಲಕಗಳಿಗೆ ಸುಮಾರು 100 ಚದರ ಅಡಿ ಸ್ಥಳ ಬೇಕು. ಅವುಗಳಿಂದ ದಿನಕ್ಕೆ ಸುಮಾರು 4 ಯೂನಿಟ್ ದೊರೆಯುವುದು. ಮನೆಗಳಿಗಾಗಿ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಲಾಯಿತು. ನಮ್ಮ ತಾಲೂಕುಗಳು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಫಲಕಗಳನ್ನು ದಕ್ಷಿಣಕ್ಕೆ ಅಷ್ಟೇ ಓರೆಯಾಗಿ ನಿಲ್ಲಿಸತಕ್ಕದ್ದು. ಧೂಳಿನ ತಿಂಗಳುಗಳಲ್ಲಿ ಹದಿನೈದು ದಿನಗಳಿಗೊಮ್ಮೆ ತೊಳೆಯಬೇಕು. ಸವಳು ನೀರು ಕಲೆ ಕಟ್ಟುವುದರಿಂದ ಮಳೆಯ ನೀರೇ ಉತ್ತಮ. ಜೆಸ್ಕಾಂ ತಂತಿಗೆ ಜೋಡಿಸಿದ ಸೌರಘಟಕವು, ಬ್ಯಾಟರಿ ಇಲ್ಲದಿದ್ದರೆ, ತಂತಿಯಲ್ಲಿ ವಿದ್ಯುತ್ತು ಹೋದೊಡನೆ ತಾನೂ ನಿಲ್ಲುವುದು. ಇದನ್ನು ತಿಳಿಯದೆ ಹಾಕಿಸಿ ಅನಂತರ ಬೇಸರಪಡುವವರು ಅನೇಕರು.

4. ಕಾಗದ ಮತ್ತು ಅಲೆದಾಟ

2000ನೆಯ ಇಸವಿಯ ಸುಮಾರಿಗೆ ನಮ್ಮ ರಾಜ್ಯವು ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. 2020ರಿಂದ ಬೆಳೆ ಸಮೀಕ್ಷೆಯನ್ನು ರೈತರೇ ತಮ್ಮ ಮೊಬೈಲಿನಲ್ಲಿ ದಾಖಲಿಸುವ ಅವಕಾಶವೂ ಬಂದಿತು. ಹೀಗಿದ್ದರೂ ಗಣಕದಲ್ಲಿರುವ ಅದೇ ಉತಾರದ ನಾಲ್ಕು ಪ್ರತಿಗಳನ್ನು ಅರ್ಜಿಯೊಡನೆ ಕೇಳುವ ರೂಢಿಯು ಹಲವೆಡೆ ಉಳಿದಿದೆ. ಒಂದು ಪ್ರತಿ ಕಡಿಮೆಯಾಯಿತೆಂದು 30 ಕಿಲೋಮೀಟರ್ ದೂರದಿಂದ ಬಂದ ರೈತನನ್ನು ಹಿಂದಕ್ಕೆ ಕಳುಹಿಸಿದರೆ, ಅವನು ಹೋಗಿಬರಲು ಮೋಟಾರು ಸೈಕಲ್ಲು ಸುಮಾರು ಒಂದು ಲೀಟರ್ ಪೆಟ್ರೋಲನ್ನು ಸುಡುವುದು. ಅರ್ಧ ದಿನದ ಕೂಲಿಯೂ ಹಾಳು. ಇದು ಕಚೇರಿಯ ಲೆಕ್ಕಕ್ಕೆ ಬಾರದಿದ್ದರೂ ಊರಿನ ಲೆಕ್ಕಕ್ಕೆ ಬರುವುದು. ಗಣಕದಲ್ಲಿ ನೋಡಬಹುದಾದುದರ ಪ್ರತಿಯನ್ನು ಕೇಳದಿರುವುದೂ, ಕೇಳಲೇಬೇಕಾದುದನ್ನು ಪಟ್ಟಿಮಾಡಿ ಬಾಗಿಲಲ್ಲಿ ತೂಗುಹಾಕುವುದೂ, ಹಾಳೆಯ ಎರಡೂ ಬದಿಗಳಲ್ಲಿ ಮುದ್ರಿಸುವುದೂ ವೆಚ್ಚವಿಲ್ಲದ ಸುಧಾರಣೆಗಳಾಗಿವೆ.

5. ನೆರಳು ಮತ್ತು ಕಸ

ಕಚೇರಿಯ ಪಶ್ಚಿಮಕ್ಕೆ ಬೇವು, ಹೊಂಗೆ, ಹುಣಸೆಗಳನ್ನು ನೆಟ್ಟರೆ ಮಧ್ಯಾಹ್ನದ ಬಿಸಿಲು ಗೋಡೆಗೆ ತಾಗದು. ಎರೆಯಲ್ಲಿ ಬೇರುಗಳು ನೆಲದ ತೇವವನ್ನು ಹೀರಿ ಗೋಡೆಯಲ್ಲಿ ಬಿರುಕನ್ನುಂಟುಮಾಡಬಹುದಾದುದರಿಂದ ಗೋಡೆಯಿಂದ 20 ಅಡಿಗಳಾಚೆ ನೆಡತಕ್ಕದ್ದು. ಜಾಲಿಯ ಮುಳ್ಳಿನ ಬೇಲಿಯೂ, ಕೈತೊಳೆದ ನೀರಿನ ಕಾಲುವೆಯೂ ಇದ್ದರೆ ಎಳೆಯ ಗಿಡಗಳು ಆಡಿಗೂ ಬೇಸಗೆಗೂ ತುತ್ತಾಗವು. ಗ್ರಾಮಸಭೆಯ ಚಹಕ್ಕೆ ಸ್ಟೀಲಿನ ಲೋಟಗಳನ್ನು ಇರಿಸತಕ್ಕದ್ದು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿವೆ. ಉದುರಿದ ಎಲೆ, ತೊಗರಿಯ ಹೊಟ್ಟು, ಸಗಣಿಗಳನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿದರೆ ಗೊಬ್ಬರವಾಗುವುದು. ಪ್ಲಾಸ್ಟಿಕ್ಕನ್ನು ಮಾತ್ರ ಎಂದಿಗೂ ಸುಡಬಾರದು.

6. ಲೆಕ್ಕದ ಪುಸ್ತಕ

ಅಳೆಯದ ಉಳಿತಾಯವು ಬಾಯಿಮಾತಾಗಿಯೇ ಉಳಿಯುವುದು. ಆದುದರಿಂದ ಕಚೇರಿಯಲ್ಲಿಯೂ ಮನೆಯಲ್ಲಿಯೂ ಒಂದು ಪುಸ್ತಕವನ್ನಿಟ್ಟು, ತಿಂಗಳ ಮೊದಲ ದಿನದಲ್ಲಿ ವಿದ್ಯುತ್ತಿನ ಯೂನಿಟ್ಟುಗಳು, ತರಿಸಿದ ಟ್ಯಾಂಕರುಗಳು, ತೊಟ್ಟಿಯ ನೀರಿನ ಮಟ್ಟ, ಕಾಗದದ ರೀಮುಗಳು, ಬದುಕಿರುವ ಗಿಡಗಳು ಎಂಬ ಐದು ಅಂಕಿಗಳನ್ನು ಬರೆಯತಕ್ಕದ್ದು. ನೆಟ್ಟ ಗಿಡಗಳನ್ನಲ್ಲ, ಬದುಕಿರುವ ಗಿಡಗಳನ್ನೇ ಎಣಿಸುವುದು ಅವಶ್ಯ. ಈ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದಲ್ಲಿ, ಮರುವರ್ಷ ರೈತರೇ ತಮ್ಮ ಮಾಳಿಗೆಯ ನೀರಿನ ಲೆಕ್ಕವನ್ನು ಕೇಳಿಕೊಂಡು ಬರುವರು.

ಎಲ್ಲವನ್ನೂ ಒಮ್ಮೆಲೇ ಕೈಕೊಳ್ಳಲಾಗದವರು ಮುಂಗಾರಿಗೆ ಮೊದಲು ಮಾಳಿಗೆಯನ್ನು ಗುಡಿಸಿ, ಕೊಳವೆಯನ್ನು ಜೋಡಿಸಿ, ಪುಸ್ತಕದ ಮೊದಲ ಪುಟವನ್ನು ಬರೆಯಲಿ. ಗ್ರಾಮಮುಖ್ಯರೂ ಭೂಮಾಲಿಕರೂ ಇಷ್ಟನ್ನು ನೆರವೇರಿಸಿದರೆ, ಬೇಸಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವ ತಾಯಂದಿರ ಸಾಲು ಅಷ್ಟರಮಟ್ಟಿಗೆ ಚಿಕ್ಕದಾಗುವುದು.