ಹಳೆಯ ಲೆಕ್ಕಪತ್ರಕ್ಕೆ ಹಳೆಯ ವಿಂಡೋಸ್: ಪಡೆಯುವ ಕ್ರಮ, ಸ್ಥಾಪಿಸುವ ವಿಧಾನ ಮತ್ತು ವಹಿಸಬೇಕಾದ ಎಚ್ಚರ

ನಮ್ಮ ವ್ಯಾಪಾರಿ ಮಳಿಗೆಗಳಲ್ಲಿ ಕೆಂಪು ಬಟ್ಟೆಯ ರಟ್ಟಿನ ಖಾತಾವಹಿಯ ಸ್ಥಾನವನ್ನು ಗಣಕಯಂತ್ರವು ಆಕ್ರಮಿಸಿ ಎರಡು ದಶಕಗಳಿಗೂ ಮೀರಿದ ಕಾಲ ಸಂದಿದೆ. ಆ ಹಳೆಯ ವಹಿಗೆ ಒಂದು ಗುಣವಿತ್ತು. ಮೂವತ್ತು ವರ್ಷಗಳ ಅನಂತರವೂ ಅಟ್ಟದಿಂದ ಇಳಿಸಿ ಧೂಳು ಕೊಡವಿದರೆ ಅದನ್ನು ಓದಬಹುದಾಗಿತ್ತು. ಗಣಕದಲ್ಲಿರುವ ಲೆಕ್ಕಕ್ಕೆ ಈ ಗುಣವಿಲ್ಲ. ಅಂಕಿಗಳು ಡಿಸ್ಕಿನಲ್ಲಿ ಕ್ಷೇಮವಾಗಿದ್ದರೂ, ಅವುಗಳನ್ನು ಬರೆದ ತಂತ್ರಾಂಶ ಹಾಗೂ ಆ ತಂತ್ರಾಂಶವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಇಲ್ಲದಿದ್ದಲ್ಲಿ, ಅವು ಬೀಗದ ಕೈ ಕಳೆದುಕೊಂಡ ತಿಜೋರಿಯಲ್ಲಿನ ಹಣದಂತೆ ನಿರುಪಯುಕ್ತ.

ನನ್ನ ಕಕ್ಷಿದಾರರಾದ ಸಗಟು ವ್ಯಾಪಾರಿಯೊಬ್ಬರಿಗೆ ಕೆಲವು ಕಾಲದ ಹಿಂದೆ ಇದರ ಅನುಭವವಾಯಿತು. 2011-12ನೇ ಸಾಲಿನ ಮೌಲ್ಯವರ್ಧಿತ ತೆರಿಗೆಗೆ ಸಂಬಂಧಿಸಿದ ಮೇಲ್ಮನವಿಯಲ್ಲಿ ಹೂಡುವಳಿ ತೆರಿಗೆಯ ಜಮೆಯನ್ನು ಸಮರ್ಥಿಸಲು ಖರೀದಿ ವಹಿಯನ್ನು ಹಾಜರುಪಡಿಸಬೇಕಾಗಿತ್ತು. ಆ ವರ್ಷದ ಲೆಕ್ಕವೆಲ್ಲವೂ ಡಾಸ್ ಕಾಲದ ತಂತ್ರಾಂಶವೊಂದರಲ್ಲಿತ್ತು. ಮಳಿಗೆಯ ಹೊಸ ಗಣಕದಲ್ಲಿದ್ದುದು ವಿಂಡೋಸ್ 11. ದತ್ತಾಂಶದ ಪ್ರತಿ ಪೆನ್ ಡ್ರೈವಿನಲ್ಲಿ ಇತ್ತು, ಆದರೆ ತಂತ್ರಾಂಶವು ತೆರೆಯಲೇ ಇಲ್ಲ. ಹಳೆಯ ಗಣಕವನ್ನು ಬದಲಿಸಲು ಸಲಹೆಯಿತ್ತವನು ನಾನೇ. ದತ್ತಾಂಶದ ಪ್ರತಿ ತೆಗೆದಿಡಿರೆಂದು ಹೇಳಿದ್ದೆನೇ ಹೊರತು, ಅದನ್ನು ತೆರೆಯುವ ಸಾಧನವನ್ನೂ ಉಳಿಸಿಕೊಳ್ಳಿರೆಂದು ಹೇಳಿರಲಿಲ್ಲ. ಆ ಲೋಪವನ್ನು ಸರಿಪಡಿಸುವ ಯತ್ನದಲ್ಲಿ ಕಲಿತ ಸಂಗತಿಗಳನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ.

ಕಾನೂನಿನ ಹಿನ್ನೆಲೆ

2013ರ ಕಂಪನಿಗಳ ಅಧಿನಿಯಮದ 128(5)ನೇ ಪ್ರಕರಣದಂತೆ ಕಂಪನಿಗಳು ಹಿಂದಿನ 8 ಆರ್ಥಿಕ ವರ್ಷಗಳ ಲೆಕ್ಕಪತ್ರಗಳನ್ನು ಸಂರಕ್ಷಿಸಬೇಕು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೇ ಪ್ರಕರಣವು ವಾರ್ಷಿಕ ವಿವರಣಪತ್ರ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳ ಅವಧಿಯನ್ನು ವಿಧಿಸಿದೆ. ಮೇಲ್ಮನವಿ ಬಾಕಿಯಿದ್ದರೆ ಅದು ಅಂತಿಮವಾಗಿ ತೀರ್ಮಾನವಾದ ಮೇಲೂ ಒಂದು ವರ್ಷ ಇಡಬೇಕು. ಈ ಎರಡರಲ್ಲಿ ಯಾವುದು ತಡವೋ ಅದೇ ಅನ್ವಯಿಸುತ್ತದೆ.

ಕೇವಲ ಇಟ್ಟುಕೊಂಡರೆ ಸಾಲದು. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 7ನೇ ಪ್ರಕರಣ ಮತ್ತು 2014ರ ಕಂಪನಿಗಳ (ಲೆಕ್ಕಪತ್ರ) ನಿಯಮಗಳ 3ನೇ ನಿಯಮಗಳೆರಡೂ ಹೇಳುವುದು ಒಂದೇ ಮಾತು: ವಿದ್ಯುನ್ಮಾನ ದಾಖಲೆಯು ಮುಂದೆ ಪರಾಮರ್ಶಿಸಲು ಲಭ್ಯವಿರಬೇಕು; ಅದು ಮೊದಲು ಸೃಷ್ಟಿಯಾದ ರೂಪದಲ್ಲಿಯೇ, ಅಥವಾ ಮೂಲ ಮಾಹಿತಿಯನ್ನು ಯಥಾವತ್ತಾಗಿ ತೋರಿಸುವ ರೂಪದಲ್ಲಿ ಇರಬೇಕು. ತೆರೆಯಲಾಗದ ಕಡತವನ್ನು ಸಂರಕ್ಷಿಸಿದ್ದೇವೆಂದು ಹೇಳಿಕೊಳ್ಳುವುದರಿಂದ ಪ್ರಯೋಜನವಿಲ್ಲ.

ಹೊಸ ವಿಂಡೋಸ್ ಹಳೆಯದನ್ನು ಏಕೆ ತೆರೆಯುವುದಿಲ್ಲ?

ಡಾಸ್ ಹಾಗೂ ವಿಂಡೋಸ್ 3.1 ಕಾಲದ ತಂತ್ರಾಂಶಗಳು 16 ಬಿಟ್ ಮಾದರಿಯವು. 32 ಬಿಟ್ ವಿಂಡೋಸ್‌ಗಳು ಅವುಗಳನ್ನು ನಡೆಸುವ ಏರ್ಪಾಡನ್ನು ಒಳಗೊಂಡಿದ್ದವು. 64 ಬಿಟ್ ಆವೃತ್ತಿಗಳಲ್ಲಿ ಆ ಏರ್ಪಾಡು ಇಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿದೆ. ಆದಕಾರಣ ಡಾಸ್ ಲೆಕ್ಕಪತ್ರಗಳು ಅದರಲ್ಲಿ ನೇರವಾಗಿ ತೆರೆಯವು.

ಇದರೊಂದಿಗೆ ಬೆಂಬಲದ ಅವಧಿಯನ್ನೂ ಅರಿತಿರಬೇಕು. 2001ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲವು 2014ರ ಏಪ್ರಿಲ್ 8ರಂದು ಮುಗಿಯಿತು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಂತಿತು. ಬೆಂಬಲ ನಿಂತ ಮೇಲೂ ವ್ಯವಸ್ಥೆಯು ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಕಂಡುಬರುವ ಭದ್ರತಾ ದೋಷಗಳನ್ನು ಸರಿಪಡಿಸುವವರು ಇರುವುದಿಲ್ಲ.

ಮೊದಲ ಕೆಲಸ: ಮುಟ್ಟದೆ ಪ್ರತಿ ತೆಗೆಯುವುದು

ಹಳೆಯ ಗಣಕವು ದೊರೆತ ಕೂಡಲೇ ಪದೇಪದೇ ಚಾಲೂ ಮಾಡಿ ನೋಡುವುದು ಎಲ್ಲರೂ ಮಾಡುವ ತಪ್ಪು. ಅದಕ್ಕಿಂತ ದೊಡ್ಡ ತಪ್ಪೆಂದರೆ ರಿಪೇರಿ ಅಂಗಡಿಗೆ ಒಯ್ದು, ಏನನ್ನೂ ಹೇಳದೆ ಬಿಟ್ಟು ಬರುವುದು. ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಡುವುದೇ ಅಲ್ಲಿನ ವಾಡಿಕೆ. ಹಾಗೆ ಮಾಡಿದರೆ ಲೆಕ್ಕವೂ ಅಳಿಸಿಹೋಗುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕನ್ನು ಹೊರತೆಗೆಸಿ, ಮತ್ತೊಂದು ಗಣಕಕ್ಕೆ ಜೋಡಿಸಿ, ಇಡೀ ಡಿಸ್ಕಿನ ತದ್ರೂಪ ಪ್ರತಿಯನ್ನು ತೆಗೆಸಬೇಕು. ಇಂಥ ಎರಡು ಪ್ರತಿಗಳನ್ನು ಬೇರೆ ಬೇರೆ ಸ್ಥಳದಲ್ಲಿಡಬೇಕು. ಮುಂದಿನ ಪ್ರಯೋಗಗಳೆಲ್ಲವೂ ಪ್ರತಿಯ ಮೇಲೆ ನಡೆಯಬೇಕೇ ಹೊರತು ಮೂಲದ ಮೇಲಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಡಿ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುವುದರಿಂದಲೂ ಮೂಲವನ್ನು ಕೆಡಿಸದಿರುವುದು ಅವಶ್ಯ.

ಪರವಾನಗಿ: ಏನನ್ನು, ಎಲ್ಲಿಂದ ಪಡೆಯಬೇಕು?

ಎಕ್ಸ್‌ಪಿ ಮತ್ತು ವಿಂಡೋಸ್ 7ರ ಪ್ರತಿಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಈಗ ಸಾರ್ವಜನಿಕರಿಗೆ ಒದಗಿಸುತ್ತಿಲ್ಲ. ಹೀಗಾಗಿ ನಮ್ಮ ಬಳಿ ಮೊದಲೇ ಇರುವ ಹಕ್ಕು ಯಾವುದೆಂಬುದನ್ನು ಪರಿಶೀಲಿಸುವುದೇ ಸರಿಯಾದ ದಾರಿ. ನಾಲ್ಕು ಬಗೆಗಳನ್ನು ಗಮನಿಸಬಹುದು.

1. ಗಣಕದೊಂದಿಗೆ ಬಂದ ಪರವಾನಗಿ: ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಥವಾ ಲ್ಯಾಪ್‌ಟಾಪಿನ ತಳಕ್ಕೆ ಅಂಟಿಸಿದ, 25 ಅಕ್ಷರಾಂಕಗಳ ಕೀ ಇರುವ ಚೀಟಿಯೇ ಇದರ ಗುರುತು. ವಿಂಡೋಸ್ 8ರಿಂದೀಚೆಗೆ ತಯಾರಕರು ಕೀಯನ್ನು ಮದರ್‌ಬೋರ್ಡಿನಲ್ಲಿಯೇ ಅಡಕಗೊಳಿಸುತ್ತಿದ್ದಾರೆ. ಈ ಪರವಾನಗಿ ಆ ಯಂತ್ರಕ್ಕೆ ಮಾತ್ರ ಸೀಮಿತ. ಬೇರೆ ಗಣಕಕ್ಕೆ ವರ್ಗಾಯಿಸಲಾಗದು.

2. ಪೆಟ್ಟಿಗೆಯಲ್ಲಿ ಬಿಡಿಯಾಗಿ ಕೊಂಡ ಪರವಾನಗಿ: ಹಿಂದಿನ ಗಣಕದಿಂದ ತೆಗೆದುಹಾಕಿ ಮತ್ತೊಂದರಲ್ಲಿ ಸ್ಥಾಪಿಸಬಹುದು. ಖರೀದಿ ಬಿಲ್ಲು, ಸಿ.ಡಿ. ಮತ್ತು ಕೀ ಮೂರೂ ಜೊತೆಗಿರಲಿ.

3. ಸಗಟು ಪರವಾನಗಿ: ಹಲವು ಗಣಕಗಳಿಗೆ ಒಟ್ಟಾಗಿ ಪರವಾನಗಿ ಪಡೆದ ಸಂಸ್ಥೆಗಳಿಗೆ ಹಿಂದಿನ ಆವೃತ್ತಿಗಳನ್ನು ಬಳಸುವ ಹಕ್ಕು ದೊರೆಯುತ್ತದೆ.

4. ಹಿಂದಿನ ಆವೃತ್ತಿಗೆ ಇಳಿಯುವ ಹಕ್ಕು: ಗಣಕದೊಂದಿಗೆ ಬರುವ ಪ್ರೊ ಅಥವಾ ಪ್ರೊಫೆಷನಲ್ ಆವೃತ್ತಿಗೆ ಈ ಸೌಲಭ್ಯವಿದೆ, ಹೋಮ್ ಆವೃತ್ತಿಗೆ ಇಲ್ಲ. ವಿಂಡೋಸ್ 7 ಪ್ರೊಫೆಷನಲ್ ಕೊಂಡವರು ಎಕ್ಸ್‌ಪಿ ಪ್ರೊಫೆಷನಲ್‌ಗೆ, ವಿಂಡೋಸ್ 10 ಪ್ರೊ ಕೊಂಡವರು ವಿಂಡೋಸ್ 7 ಪ್ರೊಫೆಷನಲ್‌ಗೆ ಇಳಿಯಬಹುದು. ಇಲ್ಲಿ ದೊರೆಯುವುದು ಹಕ್ಕು ಮಾತ್ರ. ಹಳೆಯ ಆವೃತ್ತಿಯ ಅಸಲಿ ಸಿ.ಡಿ.ಯನ್ನು ನಾವೇ ಹೊಂದಿಸಿಕೊಳ್ಳಬೇಕು.

ಅಪರಿಚಿತ ಜಾಲತಾಣಗಳಿಂದ ಇಳಿಸಿಕೊಂಡ ಪ್ರತಿಗಳನ್ನೂ ನಾಲ್ಕಾರು ನೂರು ರೂಪಾಯಿಗೆ ಮಾರಾಟವಾಗುವ ಕೀಗಳನ್ನೂ ಬಳಸತಕ್ಕದ್ದಲ್ಲ. ಅವುಗಳಲ್ಲಿ ವೈರಸ್ ಅಡಗಿರಬಹುದೆಂಬುದು ಒಂದು ಕಾರಣ. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣವು ಎರಡನೆಯ ಕಾರಣ. ನಕಲಿ ತಂತ್ರಾಂಶವನ್ನು ತಿಳಿದೂ ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಅದು ವಿಧಿಸುತ್ತದೆ. ತೆರಿಗೆಯ ತಗಾದೆಯೊಂದನ್ನು ಬಗೆಹರಿಸಿಕೊಳ್ಳಲು ಹೋಗಿ ಇನ್ನೊಂದು ಮೊಕದ್ದಮೆಯನ್ನು ಮೈಮೇಲೆ ಎಳೆದುಕೊಳ್ಳುವುದು ಜಾಣತನವಲ್ಲ.

ಬೇಕಾದುದು ಶುದ್ಧ ಡಾಸ್ ತಂತ್ರಾಂಶವೊಂದೇ ಆಗಿದ್ದರೆ, ಫ್ರೀಡಾಸ್ ಮತ್ತು ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶಗಳಿವೆ. ಎರಡನೆಯದು ಮುಖ್ಯವಾಗಿ ಆಟಗಳಿಗಾಗಿ ರೂಪಿತವಾದುದು. ಪ್ರತಿಯನ್ನು ತೆರೆದು ನೋಡಲು, ಮುದ್ರಿಸಲು ಮಾತ್ರ ಬಳಸಬೇಕು. ನಮೂದುಗಳನ್ನು ಬರೆಯಲು ಬೇಡ.

ಎರಡು ಮಾರ್ಗಗಳು

ಪರವಾನಗಿಯು ವರ್ಗಾಯಿಸಬಹುದಾದ ಬಗೆಯದಾಗಿದ್ದರೆ ವರ್ಚುವಲ್ ಗಣಕವೇ ಉತ್ತಮ. ಹೊಸ ಗಣಕದೊಳಗೆ ತಂತ್ರಾಂಶದ ಮೂಲಕವೇ ಮತ್ತೊಂದು ಗಣಕವನ್ನು ಕಲ್ಪಿಸಿ, ಅದರಲ್ಲಿ ಹಳೆಯ ವಿಂಡೋಸ್ ಸ್ಥಾಪಿಸುವ ವಿಧಾನವಿದು. ವಿಂಡೋಸ್ 11 ಪ್ರೊದಲ್ಲಿ ಹೈಪರ್-ವಿ ಎಂಬ ಸೌಲಭ್ಯ ಇದಕ್ಕಾಗಿಯೇ ಇದೆ. ಎಕ್ಸ್‌ಪಿಗೆ 1 ಜಿ.ಬಿ. ಮೆಮೊರಿ, 20 ಜಿ.ಬಿ. ಡಿಸ್ಕ್ ನಿಗದಿ ಮಾಡಿದರೆ ಧಾರಾಳವಾಯಿತು. ಜಾಲ ಸಂಪರ್ಕವನ್ನು ಆರಂಭದಲ್ಲಿಯೇ ತೆಗೆದುಹಾಕಬೇಕು. ಹೀಗೆ ಸಿದ್ಧವಾದ ಇಡೀ ಗಣಕವು ಕಡತ ರೂಪದಲ್ಲಿರುವುದರಿಂದ ಅದರ ಪ್ರತಿಯನ್ನು ಪೆನ್ ಡ್ರೈವಿನಲ್ಲಿಯೂ ಇಡಬಹುದು.

ಪರವಾನಗಿಯು ಹಳೆಯ ಯಂತ್ರಕ್ಕೆ ಅಂಟಿಕೊಂಡಿದ್ದರೆ, ಅಥವಾ ತಂತ್ರಾಂಶಕ್ಕೆ ಪ್ರಿಂಟರ್ ಪೋರ್ಟಿಗೆ ಜೋಡಿಸುವ ಡಾಂಗಲ್ ಬೇಕಾಗಿದ್ದರೆ, ಆ ಹಳೆಯ ಯಂತ್ರವನ್ನೇ ದುರಸ್ತಿ ಮಾಡಿಸಬೇಕು. ಮೇಲೆ ಹೇಳಿದ ಕಕ್ಷಿದಾರರಿಗೆ ಉಳಿದುದು ಈ ಮಾರ್ಗವೇ. ಡಿಸ್ಕಿನಲ್ಲಿ ವಿಂಡೋಸ್ ಕೆಟ್ಟಿತ್ತಾದರೂ ಲೆಕ್ಕಪತ್ರದ ಕಡತಗಳು ಓದುವಂತಿದ್ದವು. ಹೊಸ ಡಿಸ್ಕ್ ಜೋಡಿಸಿ, ಯಂತ್ರದೊಂದಿಗೆ ಬಂದಿದ್ದ ಸಿ.ಡಿ.ಯಿಂದಲೇ ಎಕ್ಸ್‌ಪಿ ಸ್ಥಾಪಿಸಲಾಯಿತು.

ಸ್ಥಾಪಿಸುವಾಗ ಎದುರಾಗುವ ತೊಡಕುಗಳು

ಮದರ್‌ಬೋರ್ಡಿನ ಗುಂಡಿ ಸೆಲ್: ವರ್ಷಗಟ್ಟಲೆ ಮೂಲೆಯಲ್ಲಿದ್ದ ಗಣಕದಲ್ಲಿ ಇದು ಸತ್ತಿರುತ್ತದೆ. ಇದನ್ನು ಬದಲಿಸದಿದ್ದರೆ ಪ್ರತಿ ಸಲವೂ ದಿನಾಂಕ ಹಿಂದಕ್ಕೆ ಹೋಗಿ, ಲೆಕ್ಕಪತ್ರ ತಂತ್ರಾಂಶವು ಗೊಂದಲಕ್ಕೀಡಾಗಬಹುದು.

ನೀಲಿ ಪರದೆ: ಎಕ್ಸ್‌ಪಿಯ ಸಿ.ಡಿ.ಯಲ್ಲಿ ಸಾಟಾ ಡಿಸ್ಕುಗಳ ಎ.ಎಚ್.ಸಿ.ಐ. ವಿಧಾನಕ್ಕೆ ಬೇಕಾದ ಡ್ರೈವರ್ ಇಲ್ಲ. ಸ್ಥಾಪನೆಯ ಮಧ್ಯೆ ನೀಲಿ ಪರದೆಯ ಮೇಲೆ 7ಬಿ ಎಂದು ಕೊನೆಗೊಳ್ಳುವ ದೋಷ ಸಂಖ್ಯೆ ಕಂಡರೆ ಕಾರಣ ಬಹುಮಟ್ಟಿಗೆ ಇದೇ. ಬಯೋಸ್‌ನಲ್ಲಿ ಡಿಸ್ಕಿನ ವಿಧಾನವನ್ನು ಐ.ಡಿ.ಇ. ಎಂದು ಬದಲಿಸಿದರೆ ಸಾಮಾನ್ಯವಾಗಿ ಪರಿಹಾರವಾಗುತ್ತದೆ.

ವಿಂಡೋಸ್ 7ರಲ್ಲಿ ನಿಷ್ಕ್ರಿಯವಾಗುವ ಕೀಲಿಮಣೆ: ಇದರ ಡಿ.ವಿ.ಡಿ.ಯಲ್ಲಿ ಯು.ಎಸ್.ಬಿ. 3.0 ಡ್ರೈವರ್ ಇಲ್ಲದ ಕಾರಣ, ಆ ಬಗೆಯ ಪೋರ್ಟುಗಳು ಮಾತ್ರ ಇರುವ ಗಣಕಗಳಲ್ಲಿ ಸ್ಥಾಪನೆಯ ವೇಳೆ ಕೀಲಿಮಣೆ, ಮೌಸ್ ಕೆಲಸ ಮಾಡವು. ಹಳೆಯ ಬಗೆಯ ಪೋರ್ಟಿದ್ದರೆ ಅದನ್ನೇ ಬಳಸಬೇಕು.

ಸಕ್ರಿಯಗೊಳಿಸುವಿಕೆ: ಎಕ್ಸ್‌ಪಿಯನ್ನು ಸ್ಥಾಪಿಸಿದ 30 ದಿನಗಳಲ್ಲಿ ಸಕ್ರಿಯಗೊಳಿಸಬೇಕು. ದೊಡ್ಡ ತಯಾರಕರ ಗಣಕದೊಂದಿಗೆ ಬಂದ ಸಿ.ಡಿ.ಯನ್ನು ಅದೇ ಗಣಕದಲ್ಲಿ ಬಳಸಿದರೆ, ಬಯೋಸ್‌ನಲ್ಲಿನ ಗುರುತನ್ನು ಕಂಡು ಅದು ತಾನೇ ಸಕ್ರಿಯಗೊಳ್ಳುತ್ತದೆ.

ದಿನಾಂಕದ ರೀತಿ: ವ್ಯಾಪಾರಸ್ಥರು ಅತ್ಯಂತ ಎಚ್ಚರ ವಹಿಸಬೇಕಾದುದು ಇಲ್ಲಿ. ಹೊಸದಾಗಿ ಸ್ಥಾಪಿಸಿದ ಎಕ್ಸ್‌ಪಿಯು ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು, ದಿನವನ್ನು ಅನಂತರ ಇಟ್ಟುಕೊಳ್ಳುವುದು ಸಾಮಾನ್ಯ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಭಾರತದ ಪದ್ಧತಿಗೆ ಬದಲಿಸದಿದ್ದರೆ, ಮೇ 4ರ ಬಿಲ್ಲನ್ನು ಏಪ್ರಿಲ್ 5ರದೆಂದು ಓದುವ ತಂತ್ರಾಂಶಗಳಿವೆ. ನಮ್ಮ ಪ್ರಕರಣದಲ್ಲಿ ಆದದ್ದೂ ಇದೇ. ಖರೀದಿ ವಹಿಯು ತೆರೆಯಿತು, ವರ್ಷದ ಮೊತ್ತವೂ ಸರಿಯಿತ್ತು, ಆದರೆ ತಿಂಗಳವಾರು ಮೊತ್ತಗಳು ಸಲ್ಲಿಸಿದ್ದ ಮಾಸಿಕ ವಿವರಣಪತ್ರಗಳಿಗೆ ಹೊಂದಲಿಲ್ಲ. ಆ ಪಟ್ಟಿಯನ್ನು ಹಾಗೆಯೇ ಹಾಜರುಪಡಿಸಿದ್ದರೆ ಸರಿಯಾದ ಲೆಕ್ಕವೇ ಸುಳ್ಳೆನಿಸಿಕೊಳ್ಳುತ್ತಿತ್ತು.

ತಾಳೆ ನೋಡದ ಹೊರತು ಕೆಲಸ ಮುಗಿಯದು

ತಂತ್ರಾಂಶವು ತೆರೆದ ಮಾತ್ರಕ್ಕೆ ಲೆಕ್ಕವು ದೊರೆಯಿತೆಂದು ಭಾವಿಸಬಾರದು. ಆ ವರ್ಷದ ತಾಳೆಪಟ್ಟಿಯನ್ನು ಮುದ್ರಿಸಿ, ಸಹಿಯಾದ ಅಢಾವೆ ಪತ್ರಿಕೆಯೊಂದಿಗೆ ಹೋಲಿಸಬೇಕು. ಪ್ರಾರಂಭಿಕ ಶಿಲ್ಕುಗಳು ಹಿಂದಿನ ವರ್ಷದ ಅಖೈರು ಶಿಲ್ಕುಗಳಿಗೆ ಹೊಂದಬೇಕು. ತಿಂಗಳವಾರು ಖರೀದಿ, ಮಾರಾಟಗಳು ಸಲ್ಲಿಸಿದ ವಿವರಣಪತ್ರಗಳಿಗೆ ತಾಳೆಯಾಗಬೇಕು. ಇವೆಲ್ಲ ಹೊಂದಿದ ಮೇಲೆ ಖಾತಾವಹಿ, ನಗದು ಪುಸ್ತಕ, ಖರೀದಿ ಮತ್ತು ಮಾರಾಟ ವಹಿಗಳನ್ನು ಪಿ.ಡಿ.ಎಫ್. ರೂಪಕ್ಕೂ, ಸಾಧ್ಯವಾದರೆ ಸ್ಪ್ರೆಡ್‌ಶೀಟ್ ರೂಪಕ್ಕೂ ಪರಿವರ್ತಿಸಿ, ಮೂಲ ದತ್ತಾಂಶದ ಜೊತೆಗೆ ಇಡಬೇಕು. ಆಗ ಮುಂದೊಮ್ಮೆ ಇದೇ ಶ್ರಮ ಬೇಕಾಗದು.

ಒಂದು ಖಂಡಿತವಾದ ಎಚ್ಚರಿಕೆ

ಹಳೆಯ ಆಪರೇಟಿಂಗ್ ಸಿಸ್ಟಂ ಹಳೆಯ ಲೆಕ್ಕವನ್ನು ಓದಲು ಮಾತ್ರ. ಇಂದಿನ ವ್ಯವಹಾರ ನಡೆಸಲು ಅಲ್ಲ. ಅದರಲ್ಲಿ ಬ್ಯಾಂಕಿನ ವ್ಯವಹಾರ, ಇ-ಮೇಲ್, ತೆರಿಗೆಯ ಜಾಲತಾಣಗಳ ಬಳಕೆ ಸಲ್ಲದು. 2017ರ ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಜಗತ್ತಿನಾದ್ಯಂತ ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದಾಗ, ಬೆಂಬಲ ಮುಗಿದು ಮೂರು ವರ್ಷಗಳಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತು ತಿದ್ದುಪಡಿಯನ್ನು ಹೊರಡಿಸಬೇಕಾಯಿತು. ಮಳಿಗೆಯ ಜಾಲಕ್ಕೆ ಜೋಡಿಸಿದ ಒಂದೇ ಒಂದು ಹಳೆಯ ಗಣಕವು ಉಳಿದವುಗಳಿಗೂ ಅಪಾಯದ ಬಾಗಿಲಾಗಬಹುದು.

ಕಂಪನಿಗಳಿಗೆ ಮತ್ತೊಂದು ಅಡ್ಡಿಯೂ ಇದೆ. 2023ರ ಏಪ್ರಿಲ್ 1ರಿಂದ ಆರಂಭವಾಗುವ ಆರ್ಥಿಕ ವರ್ಷಗಳಿಗೆ, ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ವ್ಯವಹಾರದ ಬದಲಾವಣೆಯ ಜಾಡನ್ನು ದಿನಾಂಕ ಸಹಿತ ದಾಖಲಿಸಬೇಕು. ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವಂತಿರಬಾರದು. ಎರಡು ದಶಕಗಳ ಹಿಂದಿನ ತಂತ್ರಾಂಶದಿಂದ ಇದನ್ನು ನಿರೀಕ್ಷಿಸಲಾಗದು.

ಕೊನೆಯ ಮಾತು

ಕಕ್ಷಿದಾರರ ಖರೀದಿ ವಹಿಯು ದಿನಾಂಕದ ರೀತಿಯನ್ನು ಸರಿಪಡಿಸಿದ ಮೇಲೆ ವಿವರಣಪತ್ರಗಳೊಂದಿಗೆ ತಿಂಗಳವಾರು ತಾಳೆಯಾಯಿತು. ವಿಚಾರಣೆಯ ದಿನ ಹಾಜರುಪಡಿಸಲೂ ಸಾಧ್ಯವಾಯಿತು. ಆದರೆ ಗಣಕವನ್ನು ಬದಲಿಸಿದ ದಿನವೇ ಅರ್ಧ ದಿವಸ ಮೀಸಲಿಟ್ಟಿದ್ದರೆ ಈ ಓಡಾಟವೆಲ್ಲ ತಪ್ಪುತ್ತಿತ್ತು.

ಆದ್ದರಿಂದ ಸದಸ್ಯರಲ್ಲಿ ವಿನಂತಿ: ಗಣಕವನ್ನು ಗುಜರಿಗೆ ಹಾಕುವ ಮುನ್ನ ತಂತ್ರಾಂಶದ ಸಿ.ಡಿ., ಡಾಂಗಲ್, ಕೀ ಇರುವ ಚೀಟಿಯ ಛಾಯಾಚಿತ್ರ, ಖರೀದಿ ಬಿಲ್ಲು ಮತ್ತು ಪಾಸ್‌ವರ್ಡ್‌ಗಳನ್ನು ಒಂದು ಲಕೋಟೆಯಲ್ಲಿಟ್ಟು ಆಯಾ ವರ್ಷದ ಕಡತದೊಂದಿಗೆ ಸೇರಿಸಿರಿ. ಆಯುಧಪೂಜೆಯಂದು ನಮ್ಮ ಮಳಿಗೆಗಳಲ್ಲಿ ತಕ್ಕಡಿಯ ಜೊತೆಗೆ ಗಣಕಕ್ಕೂ ಕುಂಕುಮವಿಡುವ ರೂಢಿ ಬಂದಿದೆ. ಅದೇ ವಾರದಲ್ಲಿ ಒಂದು ದಿನ ಹಳೆಯ ಲೆಕ್ಕವನ್ನೊಮ್ಮೆ ತೆರೆದು, ತಾಳೆಪಟ್ಟಿಯನ್ನು ಪರದೆಯ ಮೇಲೆ ಕಂಡು, ಮುಚ್ಚಿಡುವುದನ್ನು ರೂಢಿಸಿಕೊಳ್ಳೋಣ. ತೆರೆಯದಿದ್ದರೆ ಆ ಸಂಗತಿಯು ನೋಟೀಸು ಬರುವ ಮೊದಲೇ ನಮಗೆ ತಿಳಿದಿರುತ್ತದೆ.