ಬೆಳ್ಳಿಯ ಅದಿರು ಮತ್ತು ಸುಂಕದ ಸಂಖ್ಯೆ

ಕೊಡಗಿನ ಪೊನ್ನಂಪೇಟೆಯ ಮದುವೆಮನೆಯಲ್ಲಿ ವರನ ನಡುವಿನಲ್ಲಿ ಮೆರೆಯುವ ಪೀಚೆಕತ್ತಿಯೆಂಬ ಕಿರುಗತ್ತಿಯ ಬೆಳ್ಳಿಯ ಕುಸುರಿಯನ್ನು ಕಂಡು ಕಣ್ತಣಿಯುವ ನಮಗೆ, ಆ ಶುಭ್ರಲೋಹವು ಒಂದು ಕಾಲದಲ್ಲಿ ಮಲಿನಶಿಲೆಯಾಗಿದ್ದಿತೆಂಬುದೂ, ಶಿಲಾರೂಪದಲ್ಲಿಯೇ ಸಮುದ್ರವನ್ನು ದಾಟುವುದಾದರೆ ಅದಕ್ಕೊಂದು ಪ್ರತ್ಯೇಕ ಸಂಖ್ಯೆ ಪ್ರಾಪ್ತವಾಗುವುದೆಂಬುದೂ ಸುಲಭವಾಗಿ ಹೊಳೆಯದು.

1988ರ ಜನವರಿ 1ರಿಂದ ಜಾರಿಯಲ್ಲಿರುವ, ಬ್ರಸೆಲ್ಸ್ ನಗರದ ವಿಶ್ವ ಸುಂಕ ಸಂಸ್ಥೆಯು ನಿರ್ವಹಿಸುತ್ತಿರುವ, ಸರಕುಗಳಿಗೆ ಇಂಥ ಸಂಖ್ಯೆಗಳನ್ನು ಕೊಡುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಮೊದಲ ಆರು ಅಂಕಿಗಳು ಅದನ್ನು ಅಂಗೀಕರಿಸಿದ ದೇಶಗಳಿಗೆಲ್ಲ ಸಮಾನವಾಗಿದ್ದು, ಭಾರತವು ಅವುಗಳಿಗೆ ಇನ್ನೆರಡನ್ನು ಸೇರಿಸಿಕೊಂಡಿದೆ. ಬೆಳ್ಳಿಯ ಅದಿರು, ಹಾಗೂ ಕಲ್ಲುಮಣ್ಣುಗಳನ್ನು ಬೇರ್ಪಡಿಸಿ ಸಾಂದ್ರಗೊಳಿಸಿದ ಅದಿರು, ಇವೆರಡಕ್ಕೂ 26161000 ಎಂಬುದೇ ಸಂಖ್ಯೆ.

ನಮ್ಮ ತೋಟದ ಕಾಫಿಬೀಜವು ಹಸಿಯಾಗಿದ್ದರೂ ಹುರಿದಿದ್ದರೂ 0901 ಎಂಬ ನಾಲ್ಕಂಕಿಯ ಶೀರ್ಷಿಕೆಯಲ್ಲಿಯೇ ನಿಂತು, ಸಾರ ತೆಗೆದ ದಿಢೀರ್ ಪುಡಿಯಾದೊಡನೆ 2101ಕ್ಕೆ ಸರಿಯುವಂತೆ, ಅದಿರೂ ಪುಡಿಯಾಗಿ, ತೊಳೆಯಲ್ಪಟ್ಟು, ಸಾಂದ್ರಗೊಳ್ಳುವವರೆಗೆ 2616ರಲ್ಲಿಯೇ ಇದ್ದು, ಕರಗಿ ಲೋಹದ ಗಟ್ಟಿಯಾದಾಗ 7106ಕ್ಕೂ, ಕಾಲಂದುಗೆಯಾದಾಗ 7113ಕ್ಕೂ ಏರುವುದು.

ಆದರೆ ನಿಸರ್ಗವು ಈ ಗೆರೆಗಳನ್ನರಿಯದು. ರಾಜಸ್ಥಾನದಲ್ಲಿ ಬೆಳ್ಳಿಯು ಸೀಸ ಮತ್ತು ಸತುವಿನ ಅದಿರುಗಳೊಡನೆ ಬೆರೆತಿರುವುದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಜೊತೆಗೆ ಉಪೋತ್ಪನ್ನವಾಗಿ ದೊರೆಯುವುದು. ಸೀಸದ ಅದಿರಿಗೆ 2607, ಸತುವಿನದಕ್ಕೆ 2608 ಎಂದಿರುವಾಗ, ಮಿಶ್ರ ಅದಿರಿನ ಸ್ಥಾನನಿರ್ಣಯಕ್ಕೆ ಪ್ರಯೋಗಾಲಯದ ವಿಶ್ಲೇಷಣೆಯೇ ಆಧಾರ. ಸುಂಕದ ಪ್ರಮಾಣವೂ ವ್ಯಾಪಾರದ ಅಂಕಿ ಅಂಶಗಳೂ ಈ ಸಂಖ್ಯೆಯನ್ನೇ ಅವಲಂಬಿಸಿರುವುದರಿಂದ, ವಸ್ತುವನ್ನು ಅದರ ನಿಜನಾಮದಿಂದ ಕರೆಯುವುದು ವಣಿಜನ ಪ್ರಥಮ ಧರ್ಮವೆಂದೇ ಹೇಳಬೇಕು.